ನಾಗೇಂದ್ರ ಡಾಕ್ಟರು ಹಾಕಿಸಿದ ಊಟ

ಡಾಕ್ಟರ್ ನಾಗೇಂದ್ರನಿಗೆ ಕೂತಲ್ಲೇ ತೂಕಡಿಸುತ್ತಾ ತಲೆಯಾಡಿಸುವ ಅಭ್ಯಾಸವಿತ್ತು. ಬೇರೆಯವರಿಗಾದರೆ ಈ ಅಭ್ಯಾಸದಿಂದ ಕುತ್ತಿಗೆ ನೋವು ಬರುತ್ತದೆ. ಅವನಿಗೆ ಪದವಿ ಬಂತು.

ಅವನು ತಿ. ನರಸೀಪುರದಲ್ಲಿ ಒಂದು ಟ್ರಸ್ಟಿನವರ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಡಾಕ್ಟರು. ಮನೆ ನಂಜನಗೂಡಿನಲ್ಲಿ. ಕಬ್ಬಿನ ಟ್ರೇಲರಿನಿಂದ ಬಿದ್ದವರು, ಹಾವು ಕಚ್ಚಿಸಿಕೊಂಡವರು, ಈಜು ಬರುತ್ತದೆಂದು ಜಂಬಪಟ್ಟು ಹೊಳೆಗಿಳಿದವರು, ಎಲ್ಲರೂ ಮೊದಲು ಬಂದು ಬೀಳುವುದು ಅವನ ಮೇಜಿನ ಮೇಲೆ. ಎಂಥ ರಕ್ತ ಕಂಡರೂ ಅವನ ಕೈ ನಡುಗಿದ್ದಿಲ್ಲ. ಆದರೆ ಬಿಳಿ ಷರಟು ಹಾಕಿ, ಹಿಂದೆ ನಾಲ್ಕು ಜನರನ್ನು ಇಟ್ಟುಕೊಂಡು ನಡೆಯುವ ಮನುಷ್ಯ ಎದುರಿಗೆ ಬಂದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇಂಥವನನ್ನೇ ಆರಿಸಿ ರಾಜ್ಯದ ತುರ್ತು ಚಿಕಿತ್ಸಾ ವೈದ್ಯರ ಸಂಘದವರು ರಾಜಕೀಯದವರ ಹತ್ತಿರ ಮಾತಾಡುವ ಕೆಲಸಕ್ಕೆ ಹಾಕಿದರು. ದೊಡ್ಡವರು ಏನು ಮಾಡಿದರೂ ಯೋಚನೆ ಮಾಡಿಯೇ ಮಾಡಿರುತ್ತಾರೆ ಎಂದು ನಂಬುವವರು ನಂಬಬಹುದು.

ನಡೆದದ್ದು ಇಷ್ಟು. ಸಂಘದ ಸಭೆ ಫೋನಿನಲ್ಲೇ ನಡೆಯುತ್ತಿತ್ತು. ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿ ಬಂದ ನಾಗೇಂದ್ರ ಕ್ಯಾಮೆರಾ ಆನ್ ಮಾಡಿ ಎದುರಿಗೆ ಕೂತ. ಐದನೇ ನಿಮಿಷಕ್ಕೆ ತೂಕಡಿಕೆ. "ನಿಮ್ಮ ಭಾಗಕ್ಕೆ ರಾಜಕೀಯ ಸಂಪರ್ಕ ಸಂಚಾಲಕರಾಗ್ತೀರಾ ಡಾಕ್ಟ್ರೇ?" ಎಂದು ಬೆಂಗಳೂರಿನಿಂದ ಕೇಳಿದರು. ತಲೆ ಆಡಿತು. "ಔತಣಕೂಟ ಮಾಡಿ ಸಂಘಕ್ಕೆ ನಿಧಿ ಎತ್ತಿಕೊಡ್ತೀರಾ?" ಮತ್ತೆ ಆಡಿತು. ಎಚ್ಚರವಾದಾಗ ನಲವತ್ತು ಜನ ಡಾಕ್ಟರುಗಳು ಅವನಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಬೇಡ ಎನ್ನಬಹುದಿತ್ತು. ಎನ್ನಲಿಲ್ಲ, ಅದಕ್ಕೆ ಕಾರಣವಿತ್ತು. ಸಂಘದವರು ರಾಜ್ಯದ ಹತ್ತು ರಸ್ತೆಗಳಿಗೆ ಒಂದೊಂದು ತುರ್ತು ಚಿಕಿತ್ಸಾ ಘಟಕ ಕೊಡಿ ಎಂದು ಸರ್ಕಾರವನ್ನು ಕೇಳುವವರಿದ್ದರು. ಪ್ರತಿ ಘಟಕಕ್ಕೂ ಒಬ್ಬ ಡಾಕ್ಟರು, ಇಬ್ಬರು ನರ್ಸು, ಒಂದು ಆಂಬ್ಯುಲೆನ್ಸು. ಪಟ್ಟಿಯಲ್ಲಿ ನಂಜನಗೂಡು–ನರಸೀಪುರ ರಸ್ತೆಯೂ ಇತ್ತು. ಆದರೆ ಯಾವ ರಸ್ತೆಯ ಪತ್ರಕ್ಕೆ ಅಲ್ಲಿನ ಶಾಸಕರ ಸಹಿ ಇಲ್ಲವೋ ಆ ರಸ್ತೆ ಪಟ್ಟಿಯಿಂದ ಔಟ್. ಹೋದ ಬೇಸಿಗೆಯಲ್ಲಿ ಆ ರಸ್ತೆಯ ತಿರುವಿನಲ್ಲಿ ಕಬ್ಬು ಕಡಿಯುವ ಹೆಂಗಸೊಬ್ಬಳು ಟ್ರೇಲರಿನಿಂದ ಬಿದ್ದಿದ್ದಳು. ಮೈಸೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿ, ನಾಗೇಂದ್ರ ಪಕ್ಕದಲ್ಲೇ ಕೂತಿದ್ದಾಗ, ಪ್ರಾಣ ಬಿಟ್ಟಳು. ಇಪ್ಪತ್ತು ನಿಮಿಷ ಮುಂಚೆ ಸಿಕ್ಕಿದ್ದರೆ ಉಳಿಸುತ್ತಿದ್ದೆ ಎಂಬ ಸಂಕಟ ಅವನನ್ನು ಬಿಟ್ಟಿರಲಿಲ್ಲ. ಆ ಸಹಿ ಅವನಿಗೆ ಬೇಕೇ ಬೇಕಿತ್ತು.

ಶಾಸಕರ ಮನೆಗೆ ಮೂರು ಸಲ ಹೋದ. (ಯಾವ ಶಾಸಕರು ಅಂತ ಕೇಳಬೇಡಿ. ಹೆಸರು ಹೇಳಿದರೆ ನಾಳೆ ನಮ್ಮ ಮನೆ ಮುಂದೆ ಕಾರು ನಿಲ್ಲುತ್ತದೆ.) ಮೂರು ಸಲವೂ ಸಿಕ್ಕಿದ್ದು ಅವರ ಆಪ್ತ ಸಹಾಯಕ ರಂಗನಾಯಕ.

"ಏನು, ಟ್ರಾನ್ಸ್‌ಫರ್ರಾ?"

"ಅಲ್ಲ ಸಾರ್, ತುರ್ತು ಚಿಕಿತ್ಸಾ..."

"ಸೈಟಾ?"

"ಅಲ್ಲ ಸಾರ್, ಒಂದು ಸಹಿ..."

"ಅಲ್ಲಿಟ್ಟು ಹೋಗಿ."

ಅಲ್ಲಿ ಎಂದರೆ ಒಂದು ಗೋಣಿಚೀಲ. ಅದರಲ್ಲಿ ಮದುವೆ ಪತ್ರಿಕೆಗಳು, ಗೃಹಪ್ರವೇಶದ ಕಾರ್ಡುಗಳು, ಬೋರ್‌ವೆಲ್ ಅರ್ಜಿಗಳು ಅಣ್ಣತಮ್ಮಂದಿರಂತೆ ಮಲಗಿದ್ದವು. ನಾಗೇಂದ್ರನ ಪತ್ರವೂ ಮೂರು ಸಲ ಹೋಗಿ ಅವುಗಳ ಪಕ್ಕ ಮಲಗಿತು.

ಸಹಿ ಸಿಗದಿದ್ದರೆ ನಿಧಿಯಾದರೂ ಆಗಲಿ ಎಂದು ಔತಣಕೂಟಕ್ಕೆ ಕೈ ಹಾಕಿದ. ಭಾನುವಾರ ಮಧ್ಯಾಹ್ನ, ನಂಜನಗೂಡಿನ ಒಂದು ಸಮುದಾಯ ಭವನ, ಅರವತ್ತು ಜನ, ತಲೆಗೆ ಐನೂರು ರೂಪಾಯಿ. ಸಹಿ ಹಾಕಿಸಲು ಕೊನೆಯ ದಿನ ಅದರ ಮಾರನೇ ದಿನ, ಸೋಮವಾರ. ಈ ಲೆಕ್ಕಾಚಾರವನ್ನೆಲ್ಲ ಬರೆದು ಮೇಜಿನ ಮೇಲೆ ಇಟ್ಟಿದ್ದ. ಅದನ್ನು ಅವನ ತಾಯಿ ಮಂಗಳಮ್ಮ ಸೊಸೆ ಪವಿತ್ರಳ ಕೈಲಿ ಓದಿಸಿ ಕೇಳಿದರು.

"ಕರೆದು ಉಣ್ಣಕಿಕ್ಬುಟ್ಟು ಐನೂರ್ ರೂಪಾಯ್ ಇಸ್ಕತೀಯೇನ್ಲಾ? ನಾವೇನ್ ಹೋಟ್ಲು ಮಡಗಿದ್ದೀವಾ?"

"ಅವ್ವಾ, ಅದು ಊಟ ಅಲ್ಲ. ಫಂಡು."

"ಫಂಡೋ ಗಿಂಡೋ, ಎಲೆ ಮ್ಯಾಲೆ ಬೀಳೋದು ಅನ್ನ ತಾನೆ? ನಿಮ್ಮಪ್ಪ ಕೂಲಿ ಮಾಡಿದ್ರೂವೆ ಉಂಡೋರ ಕೈಲಿ ಕಾಸ್ ಕೇಳ್ನಿಲ್ಲ. ಬಂದೋರು ಅವ್ರಿಷ್ಟ ಇದ್ದಂಗೆ ಮುಯ್ಯಿ ಹಾಕ್ಲಿ. ರೇಟ್ ಗೀಟ್ ಬರ್ಸಿದ್ರೆ ನಾನ್ ಎಡತಲೆಗೆ ಒಂಟೋಯ್ತೀನಿ, ನೋಡು!"

ಹೆಡತಲೆ ಮಂಗಳಮ್ಮನ ತವರು. ಅವರು ಅಲ್ಲಿಗೆ ಹೊರಡುತ್ತೇನೆಂದರೆ ಮನೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಹಾಗೆ. ನಾಗೇಂದ್ರ ರೇಟಿನ ಸಾಲನ್ನು ಹೊಡೆದುಹಾಕಿ, ಉಳಿದದ್ದನ್ನು ಫ್ಲೆಕ್ಸ್ ಅಂಗಡಿಯ ಶಿವರಾಜುವಿಗೆ ಕಳಿಸಿದ. ಆಸ್ಪತ್ರೆಯ ಬಾಗಿಲಿಗೆ ಒಂದು, ಭವನದ ಬಾಗಿಲಿಗೆ ಒಂದು ಸಣ್ಣ ಫ್ಲೆಕ್ಸು, ಅಷ್ಟೇ. 'ರಾಜಕೀಯ ಸಂಪರ್ಕ ಸಂಚಾಲಕ' ಎಂಬ ತನ್ನ ಪದವಿಯನ್ನು ಮಾತ್ರ ಸ್ವಲ್ಪ ದಪ್ಪಕ್ಷರದಲ್ಲಿ ಹಾಕು ಎಂದು ಹೇಳಿದ್ದು ನಿಜ. ಮನುಷ್ಯನಿಗೆ ಆಸೆ ಯಾರಿಗಿಲ್ಲ?

ಈ ಶಿವರಾಜುವಿನ ಕಂಪ್ಯೂಟರಿನಲ್ಲಿ ಇದ್ದದ್ದು ಮೂರೇ ನಮೂನೆ. ಹುಟ್ಟುಹಬ್ಬ, ಶ್ರದ್ಧಾಂಜಲಿ, ರಾಜಕೀಯ. 'ರಾಜಕೀಯ' ಎಂಬ ಅಕ್ಷರ ಕಂಡಿದ್ದೇ ತಡ, ಅವನು ಮೂರನೆಯದನ್ನು ತೆಗೆದ. ಆ ನಮೂನೆಗೆ ಅಳತೆ ಹನ್ನೆರಡಡಿ, ಕಟ್ಟುವ ಜಾಗ ಬಸ್ ಸ್ಟ್ಯಾಂಡು. ಎರಡನೆಯದನ್ನು ತೆಗೆಯಲಿಲ್ಲವಲ್ಲ, ಅದೇ ನಂಜುಂಡನ ಕೃಪೆ. ಮಾದರಿಯನ್ನು ಫೋನಿಗೆ ಕಳಿಸಿದಾಗ ನಾಗೇಂದ್ರ ಒಬ್ಬನ ಹಣೆಗೆ ಹೊಲಿಗೆ ಹಾಕುತ್ತಿದ್ದ. ತೆರೆದು ನೋಡಲಿಲ್ಲ. ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಕಳಿಸಿಬಿಟ್ಟ.

ಮಾರನೆಯ ಬೆಳಿಗ್ಗೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ತಲೆಯೆತ್ತಿ ನೋಡಿದ. ಹನ್ನೆರಡಡಿ ಎತ್ತರದಲ್ಲಿ ತಾನೇ ಕೈಮುಗಿದು ನಿಂತಿದ್ದ. ಮೈಮೇಲೆ ಗರಿಗರಿ ಬಿಳಿ ಷರಟು, ಕೈಗೆ ಚಿನ್ನದ ವಾಚು, ಮೂರು ಬೆರಳಿಗೆ ಮೂರು ಉಂಗುರ. 'ರಾಜಕೀಯ' ಎಂಬುದು ಎರಡಡಿ ಅಕ್ಷರದಲ್ಲಿತ್ತು, 'ಸಂಪರ್ಕ ಸಂಚಾಲಕ' ಎಂಬುದು ಎರಡಂಗುಲದಲ್ಲಿ. ರೇಟಿನ ಸಾಲು ಇರಬೇಕಾದ ಜಾಗದಲ್ಲಿ 'ಸರ್ವರಿಗೂ ಔತಣಕ್ಕೆ ಆದರದ ಸ್ವಾಗತ'. ಕೆಳಗೆ 'ಹಿತೈಷಿಗಳು' ಎಂಬ ಹೆಸರಿನಲ್ಲಿ ಹನ್ನೊಂದು ಗಂಡಸರ ತಲೆಗಳು ಸಾಲಾಗಿ ನಗುತ್ತಿದ್ದವು. ಅದರಲ್ಲಿ ಒಂದು ತಲೆಯೂ ಅವನಿಗೆ ಪರಿಚಯವಿರಲಿಲ್ಲ.

"ಏನಪ್ಪಾ ಇದು ಶಿವರಾಜು?" ಫೋನಿನಲ್ಲಿ ನಾಗೇಂದ್ರನ ದನಿ ಅಳುವಿಗೆ ಹತ್ತಿರವಿತ್ತು.

"ತಲೆ ನಿಮ್ದೇ ಸಾ. ಮೈ ಬೇರೆಯೋರ್ದು. ಡಾಕ್ಟ್ರು ಕೋಟಲ್ಲಿ ಗೆಟಪ್ ಬರಾಕಿಲ್ಲ ಅಂತ..."

"ಕೆಳಗಡೆ ಇರೋರು ಯಾರು?"

"ಆ ಸಾಲು ಖಾಲಿ ಒಡೀತಿತ್ತು ಸಾ. ಸಿಸ್ಟಮ್ಮಲ್ಲಿ ಓದ್ ತಿಂಗ್ಳು ಒಡ್ದಿದ್ ಬರ್ತ್‌ಡೇ ಫ್ಲೆಕ್ಸಿನ್ ತಲೆಗಳಿದ್ವು, ಆಕ್ದೆ. ಎಲ್ಲಾ ಮರ್ಯಾದಸ್ಥರೇಯ, ನೀವೇನೂ ಯೋಚ್ನೆ ಮಾಡ್ಬೇಡಿ."

"ಯಾರ ಬರ್ತ್‌ಡೇ?"

"ನಮ್ ಎಮ್ಮೆಲ್ಲೆ ಸಾಹೇಬ್ರುದು, ಇನ್ಯಾರ್ದು ಸಾ!"

ಅಂದರೆ ಆ ಹನ್ನೊಂದು ತಲೆಗಳೂ ಶಾಸಕರ ಹನ್ನೊಂದು ಜನ ನಂಬುಗೆಯ ಬಂಟರವು. ನಾಗೇಂದ್ರನಿಗೆ ಬಸ್ ಸ್ಟ್ಯಾಂಡೇ ತಿರುಗಿದ ಹಾಗಾಯಿತು. ತಕ್ಷಣ ಕಿತ್ತುಹಾಕು ಎಂದ. ಶಿವರಾಜು ಒಳ್ಳೆಯವನು, ಹೇಳಿದ ಕೆಲಸ ಮಾಡುವವನು, ಕಿತ್ತುಹಾಕಿಸಿದ. ಅಲ್ಲಿಗೆ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಸೋಸಲೆಯಿಂದ ಮೂಗೂರಿನವರೆಗೆ ಒಂದೇ ಸುದ್ದಿ: ಡಾಕ್ಟರು ಎಲೆಕ್ಷನ್ನಿಗೆ ನಿಲ್ಲುತ್ತಾರೆ, ಎಮ್ಮೆಲ್ಲೆ ಕಡೆಯವರು ಹೆದರಿ ಫ್ಲೆಕ್ಸ್ ಕಿತ್ತಿದ್ದಾರೆ.

ಸಾಯಂಕಾಲ ಮನೆಗೆ ಬಂದರೆ ಬಾಗಿಲಲ್ಲಿ ಎರಡು ಆಟೋ. ಒಳಗೆ ಮಂಗಳಮ್ಮನ ತಮ್ಮ ಮಾದು, ಜೊತೆಗೆ ಹೆಡತಲೆಯ ಎಂಟು ಜನ, ಎಲ್ಲರ ಕೈಯಲ್ಲೂ ಕಾಫಿ ಲೋಟ. ಮಾದು ಎಂದರೆ ಸಂತೆಯಲ್ಲಿ ಒಂದು ಜೊತೆ ಎತ್ತಿಗೆ ಮೂರು ವಾರ ಚೌಕಾಸಿ ಮಾಡಿ, ಕೊನೆಗೆ ಕೊಳ್ಳದೆ ಎದ್ದು ಬರುವ ಮನುಷ್ಯ.

"ಲೇ ನಾಗ, ನಂಗೊಂದ್ ಮಾತು ಯೋಳ್ಬಾರ್ದೇನ್ಲಾ? ಊರೋರೆಲ್ಲಾ ನನ್ನೇ ಕೇಳ್ತಾವ್ರೆ!"

"ಮಾವ, ನಾನು ಎಲೆಕ್ಷನ್ನಿಗೆ ನಿಂತಿಲ್ಲ."

ಮಾದು ಎಂಟು ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡುದ್ರಾ? ಓದಿರೋನು! ಟಿಕೆಟ್ ಅನೌನ್ಸ್ ಆಗೋಗಂಟ ಇಂಗೇ ಯೋಳ್ಬೇಕು."

"ಮಾವ, ನಿಜವಾಗ್ಲೂ ಇಲ್ಲ. ಅವ್ವನ ಮೇಲಾಣೆ."

"ಆಣೆ ಬ್ಯಾರೆ ಆಕ್ತಾನೆ! ಭಲೇ!" ಎಂದು ಹೆಡತಲೆಯವರೊಬ್ಬರು ಮೆಚ್ಚಿಕೊಂಡರು. "ಇಂಗ್ ಆಣೆ ಆಕ್ದೋರು ಸೋತುದ್ದೇ ಇಲ್ಲ ಕಣ್ರಪ್ಪಾ."

"ಮೀಸಲು ಕ್ಷೇತ್ರ, ಡಾಕ್ಟ್ರು, ಊರಿಗೆಲ್ಲಾ ಊಟ. ಇನ್ನೇನಾಗ್ಬೇಕು?" ಎಂದ ಮಾದು. "ಒಂದ್ ಫ್ಲೆಕ್ಸ್ ಕಿತ್ತವ್ರಂತೆ. ಆರ್ ಕಟ್ಸಿವ್ನಿ. ದುಡ್ ನಾನೇ ಕೊಟ್ಟಿವ್ನಿ, ನೀನ್ ತಲೆ ಕೆಡಿಸ್ಕಬೇಡ."

ಪವಿತ್ರ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡನ ಕೈ ನೋಡಿದಳು. "ಫ್ಲೆಕ್ಸಲ್ಲಿ ಮೂರು ಉಂಗುರ ಇದಾವಂತೆ. ನನಗೆ ಒಂದನ್ನಾದರೂ ಕೊಡಿಸಬಹುದಿತ್ತು."

ಆ ವಾರ ಆಸ್ಪತ್ರೆಯಲ್ಲಿ ನಾಗೇಂದ್ರ ಪಟ್ಟ ಪಾಡು ಶತ್ರುವಿಗೂ ಬೇಡ. ಮಂಡಿ ಕೆತ್ತಿಸಿಕೊಂಡು ಬಂದ ದೇವೀರಮ್ಮ ಎಂಬ ಅಜ್ಜಿ ಹೊಲಿಗೆ ಹಾಕುವಾಗಲೇ ಶುರು ಮಾಡಿತು.

"ಗೆದ್ಮ್ಯಾಲೆ ನಮ್ ಬೀದಿಗೊಂದ್ ಚರಂಡಿ ಮಾಡ್ಸ್ಕೊಡಪ್ಪ."

"ಅಜ್ಜಿ, ಅಲ್ಲಾಡಬೇಡಿ."

"ನಾನ್ಯಾಕಲ್ಲಾಡ್ಲಿ? ಅವ್ರ್ ಸೀರೆ ಕೊಟ್ರೂ ಅಲ್ಲಾಡಾಕಿಲ್ಲ. ನನ್ ಓಟು ನಿಂಗೇಯ."

ಜ್ವರ ಇಲ್ಲದವರು ಜ್ವರ ಎಂದು ಬಂದು ರೇಷನ್ ಕಾರ್ಡ್ ತೋರಿಸಿದರು. ಇಬ್ಬರು ಎದೆನೋವು ಎಂದು ಬಂದು, ಇಸಿಜಿ ಮಾಡಿಸಿಕೊಂಡು, ಎದ್ದು ಕೂತು ಗ್ರಾಮ ಪಂಚಾಯಿತಿಯ ಜಗಳ ಹೇಳಿದರು. ಆಸ್ಪತ್ರೆಯ ಟ್ರಸ್ಟಿನವರು ಕರೆದು, "ಡಾಕ್ಟ್ರೇ, ಮಂತ್ರಿಯಾದ ಮೇಲೂ ವಾರಕ್ಕೊಂದು ದಿನ ಬಂದು ಹೋಗ್ತಿರಿ" ಎಂದರು. ನಾಗೇಂದ್ರ ಪ್ರತಿಯೊಬ್ಬರಿಗೂ "ನಾನು ನಿಲ್ಲಲ್ಲ" ಎಂದ. ಒಂದೊಂದು ಸಲ ಹಾಗೆಂದಾಗಲೂ ನಂಬಿಕೆ ಒಂದು ಮೊಳ ಬೆಳೆಯಿತು.

ಶುಕ್ರವಾರ ಒಬ್ಬ ಗಂಡಸು ಏದುಸಿರು ಬಿಡುತ್ತಾ ಬಂದ. ಆ ತಲೆಯನ್ನು ಎಲ್ಲೋ ನೋಡಿದ ಹಾಗಿತ್ತು. ಫ್ಲೆಕ್ಸಿನಲ್ಲಿ ಎಡದಿಂದ ನಾಲ್ಕನೆಯದು.

"ನಾನ್ ಶಿವಣ್ಣ ಸಾ. ಎಮ್ಮೆಲ್ಲೆ ಸಾಹೇಬ್ರ ಜೊತೆ ಅದ್ನೈದ್ ವರ್ಸದಿಂದ ಇವ್ನಿ. ನನ್ ತಲೆ ನಿಮ್ ಫ್ಲೆಕ್ಸಲ್ಲಿ ಯಾಕೈತೆ?"

ಬಿ.ಪಿ. ನೋಡಿದರೆ ನೂರ ತೊಂಬತ್ತು. ನಾಗೇಂದ್ರ ಮಾತ್ರೆ ಕೊಟ್ಟು, ಮಲಗಿಸಿ, ಶಿವರಾಜುವಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದ.

"ಇದ್ನೇ ನಾನೂ ಯೋಳ್ದೆ ಸಾ, ನಂಗೊತ್ತಿಲ್ಲ ಅಂತ. ಸಾಹೇಬ್ರು ನಂಬ್ನಿಲ್ಲ. 'ಅನ್ನೊಂದ್ ಜನಾನೂ ಒಂದೇ ದಿನ ಅತ್ಲಾಗ್ ಓದ್ರಲ್ಲಾ' ಅಂತ ಅನ್ನ ಬುಟ್ಟವ್ರೆ. ನಂಜುಂಡೇಶ್ವರನ ಮುಂದೆ ಕರ್ಪೂರ ಅಚ್ಚಿ ಆಣೆ ಮಾಡು ಅಂದ್ರು. ಮಾಡ್ದೆ. ಮಿಕ್ಕ ಅತ್ತು ಜನಾನೂ ಮಾಡುದ್ರು. 'ಎಲ್ಲಾ ಒಂದೇ ತರ ಆಣೆ ಮಾಡ್ತಾವ್ರೆ ಅಂದ್ರೆ ಮಾತಾಡ್ಕಂಡೇ ಬಂದವ್ರೆ' ಅಂತಾರೆ ಸಾ!"

ಸಹಿ ಹಾಕಬೇಕಾದ ಮನುಷ್ಯನೇ ನಾಗೇಂದ್ರನಿಗೆ ಶತ್ರುವಾಗಿದ್ದ. ಸೋಮವಾರಕ್ಕೆ ಉಳಿದದ್ದು ಮೂರು ದಿನ. ಆ ರಸ್ತೆ ಪಟ್ಟಿಯಿಂದ ಹೋಯಿತೆಂದೇ ಅವನು ತೀರ್ಮಾನಿಸಿದ. ಆ ರಾತ್ರಿ ಎರಡು ತುತ್ತಿಗಿಂತ ಹೆಚ್ಚಿಗೆ ಉಣ್ಣಲಾಗಲಿಲ್ಲ.

ಭಾನುವಾರ ಬಂತು. ಅರವತ್ತು ಎಲೆಗೆ ಎಂದು ಹೇಳಿಸಿದ ಅಡುಗೆಗೆ ಬಂದವರು ಎಂಟುನೂರು ಜನ. ಮಾದು ಬೆಳಗಿನ ಜಾವವೇ ಎದ್ದು ಹೆಡತಲೆಯಿಂದ ಹಂಡೆಗಳನ್ನು ಸಾಗಿಸಿದ್ದರಿಂದ ಮರ್ಯಾದೆ ಉಳಿಯಿತು. ಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಪಾಯಸ.

"ಎಲೆಕ್ಷನ್ ಊಟ ಅಂತಾರೆ, ಬಾಡೇ ಇಲ್ವಲ್ಲಾ?" ಎಂದು ಮೂಗೂರಿನವರೊಬ್ಬರು ಗೊಣಗಿದರು.

"ಡಾಕ್ಟ್ರು ಕಣಯ್ಯ. ಕೊಲೆಸ್ಟ್ರಾಲು" ಎಂದು ಪಕ್ಕದವರು ಸಮಾಧಾನ ಹೇಳಿದರು.

ಬಾಗಿಲಲ್ಲಿ ಇನ್ನೊಂದು ಫಜೀತಿ. ಉಂಡು ಬರಿಗೈಲಿ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ, ಮುಯ್ಯಿ ಹಾಕಲೇಬೇಕು. ಆದರೆ ಯಾವ ಶುಭಕಾರ್ಯಕ್ಕೆ? ಕೆಲವರು ಮದುವೆಯೆಂದು ತಿಳಿದು ನಾಗೇಂದ್ರ, ಪವಿತ್ರ ಇಬ್ಬರ ತಲೆಗೂ ಅಕ್ಷತೆ ಹಾಕಿದರು. ಹನ್ನೆರಡು ವರ್ಷದ ಹಿಂದೆ ಮದುವೆಯಾದ ದಂಪತಿಗಳು ಮತ್ತೊಮ್ಮೆ ಆಶೀರ್ವಾದ ಪಡೆದು, ಎರಡು ಗೋಡೆ ಗಡಿಯಾರ, ಒಂದು ಇಡ್ಲಿ ಪಾತ್ರೆ ತೆಗೆದುಕೊಂಡರು.

ಎರಡನೇ ಪಂಕ್ತಿ ಕೂತಿತ್ತು. ಹೊರಗೆ ನಾಲ್ಕು ಕಾರು ಸಾಲಾಗಿ ನಿಂತವು. ಶಾಸಕರೇ ಖುದ್ದಾಗಿ ಇಳಿದು ಬಂದರು. ಹಿಂದೆ ರಂಗನಾಯಕ. ಎಂಟುನೂರು ಜನರನ್ನು ನೋಡಿದರು, ಬಡಿಸುವ ಮಾದುವನ್ನು ನೋಡಿದರು, ನಾಗೇಂದ್ರನ ಹೆಗಲ ಮೇಲೆ ಕೈ ಹಾಕಿ ಸೀದಾ ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ರಂಗನಾಯಕನೂ ಒಳಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿದರು.

"ಡಾಕ್ಟ್ರೇ, ಸುತ್ತಿ ಬಳಸಿ ಮಾತು ಬೇಡ. ಜಿಲ್ಲಾ ಪಂಚಾಯ್ತಿಗೆ ನಿಲ್ಲಿಸ್ತೀನಿ. ಆಗಬಹುದಾ?"

ನಾಗೇಂದ್ರನ ನಾಲಿಗೆ ಅಂಟಿಕೊಂಡಿತು. ಬೇಡವೆಂದು ತಲೆಯಾಡಿಸಿದ.

"ಸಣ್ಣದಾಯ್ತು, ಒಪ್ಪಿದೆ. ಯಾವುದಾದರೂ ನಿಗಮದ ಅಧ್ಯಕ್ಷಗಿರಿಗೆ ಮಾತಾಡ್ತೀನಿ. ಕಾರು, ಗೂಟ ಎಲ್ಲ ಸಿಗುತ್ತೆ."

ಮತ್ತೆ ತಲೆಯಾಡಿಸಿದ.

ಶಾಸಕರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. "ಭಾರಿ ಆಸಾಮಿ ನೀವು. ಪರಿಷತ್ತು ಕೇಳ್ತೀರಾ? ಅದು ನನ್ನ ಕೈಲಿಲ್ಲ. ಬೇರೆ ಏನು ಬೇಕೋ ನೀವೇ ಬಾಯಿಬಿಟ್ಟು ಹೇಳಿಬಿಡಿ. ನಿಲ್ಲಬೇಡಿ ಅಷ್ಟೇ."

ನಾಗೇಂದ್ರ ಜೇಬಿಗೆ ಕೈಹಾಕಿದ. ನಾಲ್ಕು ಮಡಿಕೆಯ ಪತ್ರ ತೆಗೆದ.

"ಇದಕ್ಕೆ ಒಂದು ಸಹಿ ಮಾಡಿದ್ರೆ ಸಾಕು ಸಾರ್."

ಶಾಸಕರು ಪತ್ರ ಓದಿದರು. ಒಂದು ಸಲ ಓದಿ ಹಿಂದೆ ತಿರುಗಿಸಿದರು, ಅಲ್ಲೇನೂ ಇರಲಿಲ್ಲ. ಮತ್ತೆ ಓದಿದರು. ಮೋಸ ಎಲ್ಲಿದೆ ಎಂದು ಹುಡುಕುತ್ತಾ ಮೂರನೇ ಸಲವೂ ಓದಿದರು.

"ಇಷ್ಟೇನಾ?"

"ಇಷ್ಟೇ ಸಾರ್. ಹೋದ ವರ್ಷ ಒಬ್ಬ ಹೆಣ್ಮಗಳು ನನ್ನ ಕಣ್ಣೆದುರಿಗೇ ಹೋಗಿಬಿಟ್ಟಳು ಸಾರ್. ಈ ಘಟಕ ಇದ್ದಿದ್ದರೆ ಬದುಕ್ತಿದ್ದಳು." ಅಷ್ಟನ್ನು ಅವನು ತಡವರಿಸದೆ ಹೇಳಿದ.

ಶಾಸಕರು ಪತ್ರದಿಂದ ತಲೆಯೆತ್ತಿದರು. "ಇದನ್ನ ಮೊದಲೇ ತಂದುಕೊಟ್ಟಿದ್ದರೆ ಆಗಲೇ ಮಾಡ್ತಿದ್ನಲ್ಲ ಡಾಕ್ಟ್ರೇ?"

"ಮೂರು ಸಲ ಕೊಟ್ಟೆ ಸಾರ್."

ಶಾಸಕರು ರಂಗನಾಯಕನನ್ನು ನೋಡಿದರು. ರಂಗನಾಯಕ ಸಾರಿನ ಹಂಡೆಯನ್ನು ನೋಡಿದ.

ಸಕ್ಕರೆ ಮೂಟೆಯ ಮೇಲೆ ಪತ್ರ ಇಟ್ಟು ಸಹಿ ಬಿತ್ತು. ಅಷ್ಟೇ ಅಲ್ಲ, ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿ, "ನಮ್ಮ ರಸ್ತೆಯನ್ನ ಪಟ್ಟಿಯಲ್ಲಿ ಮೊದಲನೇದು ಮಾಡ್ಕೊಳ್ಳಿ" ಎಂದು ಜೋರು ಮಾಡಿದರು. ಆಮೇಲೆ ನಾಗೇಂದ್ರನನ್ನು ಹೊರಗೆ ಕರೆತಂದು ಮೈಕು ಕೊಟ್ಟರು. "ಹೇಳಿ ಡಾಕ್ಟ್ರೇ, ಎಲ್ಲರಿಗೂ ಕೇಳೋ ಹಾಗೆ."

"ನಾನು ಎಲೆಕ್ಷನ್ನಿಗೆ ನಿಲ್ಲಲ್ಲ" ಎಂದ ನಾಗೇಂದ್ರ.

ವಾರವಿಡೀ ಅದನ್ನೇ ಹೇಳಿದ್ದ, ಯಾರೂ ನಂಬಿರಲಿಲ್ಲ. ಪಕ್ಕದಲ್ಲಿ ಶಾಸಕರು ಹಲ್ಲು ಕಾಣುವ ಹಾಗೆ ನಗುತ್ತಿದ್ದರಲ್ಲ, ಈಗ ಎಂಟುನೂರು ಜನರೂ ಒಂದೇ ಏಟಿಗೆ ನಂಬಿದರು. ದೇವೀರಮ್ಮ ಪಾಯಸದ ಎಲೆಯ ಮುಂದೆಯೇ ಮೂಗು ಒರೆಸಿಕೊಂಡಿತು. "ಎಂತೋನ್ನ ಕಳ್ಕಂಡ್ವಪ್ಪಾ" ಎಂದಿತು. ನಿಲ್ಲದೇ ಇದ್ದವನು ಆ ಕ್ಷಣಕ್ಕೆ ಸೋತವನಾದ. ನಿಜ ಹೇಳಬೇಕೆಂದರೆ ನಾಗೇಂದ್ರನಿಗೂ ಒಂದು ಚೂರು ಹೊಟ್ಟೆ ಉರಿಯಿತು. ಇಷ್ಟು ಜನ ಓಟು ಹಾಕುತ್ತಿದ್ದರೆಂದು ಅವನಿಗೆ ಗೊತ್ತಿರಲಿಲ್ಲ.

ಕಾರುಗಳು ಹೊರಟವು, ಜನವೂ ಕರಗಿತು. ಮುಯ್ಯಿಯಲ್ಲಿ ಅಡುಗೆಯವರಿಗೆ ಕೊಟ್ಟು ಮಿಕ್ಕಿದ್ದು, ಪತ್ರ ತಗೊಂಡು ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೆ ಸರಿಹೋಗುವಷ್ಟು. ಸಂಘದ ನಿಧಿಯ ಕಥೆ ಅಲ್ಲಿಗೆ ಮುಗಿಯಿತು. ಮಂಗಳಮ್ಮ ಮಾತ್ರ ಪತ್ರವನ್ನು ಕೈಗೆ ತೆಗೆದುಕೊಂಡು, ಸಹಿಯ ಮೇಲೆ ಬೆರಳಾಡಿಸಿ, "ಇನ್ಮ್ಯಾಕೆ ಆ ರೋಡಲ್ಲಿ ಬಿದ್ದೋರು ಮೈಸೂರ್‌ಗಂಟ ಜೀವ ಇಡ್ಕಂಡ್ ಓಗ್ಬೇಕಿಲ್ಲ, ಅಲ್ವೇನ್ಲಾ?" ಎಂದರು. ನಾಗೇಂದ್ರನ ಕಣ್ಣು ತುಂಬಿ ಬಂತು.

ಮೂಲೆಯಲ್ಲಿ ಖಾಲಿ ಹಂಡೆಯ ಪಕ್ಕ ಮಾದು ಮುಖ ಊದಿಸಿಕೊಂಡು ಕೂತಿದ್ದ. ಅಕ್ಕನ ಮಗ ಹತ್ತಿರ ಬಂದರೂ ತಲೆಯೆತ್ತಲಿಲ್ಲ.

"ನಂಗೆ ಸುಳ್ ಯೋಳ್ಬೇಡ ನಾಗ. ಇಂದಕ್ ಸರಿಯಕ್ಕೆ ಅವ್ನತ್ರ ಏನ್ ಇಸ್ಕಂಡೆ?"

ನಾಗೇಂದ್ರನಿಗೆ ಸುಸ್ತಾಗಿತ್ತು. ಇಲ್ಲ ಎಂದರೆ ಹೌದೆನ್ನುವ ಜನಕ್ಕೆ ಇನ್ನು ಬಿಡಿಸಿ ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಒಬ್ಬ ಡಾಕ್ಟ್ರು, ಇಬ್ಬರು ನರ್ಸು, ಒಂದು ಆಂಬ್ಯುಲೆನ್ಸು, ಮಾವ."

ಮಾದು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದ. ಆಮೇಲೆ ಎದ್ದು ನಿಂತು ಹಣೆ ಹಣೆ ಚಚ್ಚಿಕೊಂಡ.

"ಥೂ ನಿನ್ನ! ಓದುದ್ದೆಲ್ಲಾ ದಂಡ ಕಣ್ಲಾ! ಬುದ್ವಂತ ಆಗಿದ್ರೆ ಇನ್ನೆರಡ್ ದಿನ ಬಿಗಿಯಾಗಿ ನಿಂತ್ಕತಿದ್ದೆ. ಬ್ಲಡ್ ಬ್ಯಾಂಕೂ ಕೊಟ್ಬುಡ್ತಿದ್ನಲ್ಲೋ!"